ಶೇಕಡಾ ಐದರ ಜ್ವರ

ಇನ್ನಂಜೆ
೧೨ ಫೆಬ್ರವರಿ ೨೦೦೧

ಶಶಿಕಲಾ,

ಕವರಿನ ಮೇಲಿನ ಅಕ್ಷರ ನೋಡಿದಾಗಲೇ ಯಾರದ್ದೆಂದು ಗೊತ್ತಾಗಿರಬೇಕು. ಎರಡೂವರೆ ವರ್ಷದ ನಂತರ ಬರೆಯುವವಳು ಮೊದಲು ನಿನ್ನ ಕ್ಷೇಮ ಕೇಳಬೇಕು. ಕೇಳಿದ್ದೇನೆ ಎಂದುಕೋ. ನನಗೆ ಬೇರೆ ಒಂದು ಕೆಲಸ ಉಂಟು.

ಡಿಪ್ಲೊಮಾದ ಕೊನೆಯ ವರ್ಷ ನಾವಿಬ್ಬರೂ ಮಾಡಿದ ಪ್ರಾಜೆಕ್ಟ್ ನೆನಪುಂಟಾ? ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಶಾಖ ತೋರಿಸುವ ಬೋರ್ಡು. ಅದು ಇಷ್ಟು ವರ್ಷ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಡಿಸೆಂಬರಿನಲ್ಲಿ ಹೊರಗೆ ತೆಗೆದೆ. ಮೈಕ್ರೋಕಂಟ್ರೋಲರ್‌ಗೆ ಎಂತದೂ ಆಗಿಲ್ಲ, ಕರೆಂಟು ಕೊಟ್ಟ ಕೂಡಲೇ ಎದ್ದು ಕೂತಿತು. ಸೆನ್ಸರ್ ಮಾತ್ರ ಉಡುಪಿಯಿಂದ ಹೊಸದು ತರಿಸಿದೆ.

ನನಗೆ ಮಗಳು ಹುಟ್ಟಿದ್ದಾಳೆ. ಭವ್ಯಶ್ರೀ. ಈಗ ಐದು ತಿಂಗಳು. ಸೆನ್ಸರ್ ಅವಳ ಸೊಂಟದಲ್ಲಿ ಉಂಟು. ಉಡಿದಾರಕ್ಕೆ ತಾಯಿತ ಕಟ್ಟುತ್ತಾರಲ್ಲ, ಅಂಥ ಒಂದು ಬಟ್ಟೆಯ ಚೀಲ ಹೊಲಿದು ಅದರೊಳಗೆ ಇಟ್ಟಿದ್ದೇನೆ. ಮೂರು ವಯರು ತೊಟ್ಟಿಲ ಹಗ್ಗದ ಜೊತೆ ಸುತ್ತಿಕೊಂಡು ಮೇಲೆ ಹೋಗಿ ಕಪಾಟಿನ ಹಿಂದಿರುವ ಬೋರ್ಡಿಗೆ ಸೇರುತ್ತವೆ. ನನ್ನ ಅತ್ತೆಗೆ ಗೊತ್ತಿಲ್ಲ. ಆ ಚೀಲ ಯಾವುದೋ ದೇವಸ್ಥಾನದ್ದೆಂದು ತಿಳಿದು ದಿನಾ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ತೊಂದರೆ ಹೇಳುತ್ತೇನೆ. ದಿನವಿಡೀ ೩೬.೫ ಸೆಲ್ಸಿಯಸ್ ತೋರಿಸುತ್ತದೆ. ಒಮ್ಮೊಮ್ಮೆ ಒಂದೇ ನೆಗೆತಕ್ಕೆ ೩೮.೫. ಒಂದು ಗಂಟೆ ಹಾಗೇ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಮನೆಯಲ್ಲಿ ಪಾದರಸದ ಥರ್ಮಾಮೀಟರ್ ಉಂಟು. ಅದು ಜ್ವರವೇ ಇಲ್ಲ ಎನ್ನುತ್ತದೆ. ಆದರೆ ಕಂಕುಳಲ್ಲಿ ಮೂರು ನಿಮಿಷ ಇಡಲು ಅವಳು ಬಿಡುವುದಿಲ್ಲ, ಅರ್ಧಕ್ಕೇ ಒದ್ದು ಜಾರಿಸುತ್ತಾಳೆ. ಎರಡರಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ನನಗೆ ಗೊತ್ತಾಗಬೇಕು. ನೀನು ಇನ್ನೂ ಕಾಲೇಜಿನ ಲ್ಯಾಬಿನಲ್ಲೇ ಇರುವುದರಿಂದ ಕೇಳುತ್ತಿದ್ದೇನೆ.

ಫೋನ್ ಮಾಡಬೇಡ. ಫೋನು ಅತ್ತೆಯ ಮಂಚದ ಪಕ್ಕ ಉಂಟು.

ನಳಿನಾಕ್ಷಿ


ಈಶ್ವರನಗರ, ಮಣಿಪಾಲ
೧೭ ಫೆಬ್ರವರಿ ೨೦೦೧

ನಳಿನಾಕ್ಷಿ,

ಮೊದಲು ಕೆಲಸದ ಮಾತು.

ಸೆನ್ಸರಿನ ಮೂರು ಕಾಲುಗಳನ್ನು ಸರಿಯಾಗಿ ಜೋಡಿಸಿದ್ದೀಯಾ ನೋಡು. ಪುಸ್ತಕದಲ್ಲಿರುವ ಚಿತ್ರ ಕೆಳಗಿನಿಂದ ನೋಡಿದ್ದು. ಅದನ್ನು ಮರೆತು ನಾವು ಎರಡು ಸುಟ್ಟಿದ್ದೆವು, ಮೂರನೆಯದಕ್ಕೆ ನಿನ್ನ ಬಸ್ ಪಾಸಿನ ದುಡ್ಡು ಹೋಗಿತ್ತು. ತಿರುಗಾಮುರುಗಾ ಆಗಿದ್ದರೆ ಅದು ಕಾದ ಹಂಚಿನ ಹಾಗೆ ಸುಡುತ್ತದೆ, ಮಗುವಿನ ಮೈಮೇಲೆ ಇರುವಾಗ ಅದು ಬೇಡವೇ ಬೇಡ. ನೀನು ಹೇಳುವ ಪ್ರಕಾರ ಹಾಗೆ ಆಗಿರಲಿಕ್ಕಿಲ್ಲ. ವಯರು ಉದ್ದವಾಗಿದ್ದರೆ ಊರಿನ ಗದ್ದಲವನ್ನೆಲ್ಲ ಹಿಡಿದು ತರುತ್ತದೆ. ಸೆನ್ಸರಿನ ಬುಡದಲ್ಲಿ ಒಂದು ಸಣ್ಣ ಕೆಪಾಸಿಟರ್ ಹಾಕು, ಈ ಕವರಿನಲ್ಲೇ ಎರಡು ಇಟ್ಟಿದ್ದೇನೆ. ಬೆಸುಗೆ ಸಡಿಲವಿದ್ದರೂ ಅಂಕೆ ನೆಗೆಯುತ್ತದೆ, ಆದರೆ ಹಾಗೆ ನೆಗೆದದ್ದು ಒಂದು ಗಂಟೆ ಸುಮ್ಮನೆ ಕೂರುವುದಿಲ್ಲ.

ಎಲ್ಲಕ್ಕಿಂತ ಮೊದಲು ಸೆನ್ಸರನ್ನು ಮಗುವಿನಿಂದ ಬಿಚ್ಚು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಒಂದು ಲೋಟ ನೀರಿನಲ್ಲಿ ಇಡು, ಒಂದು ದಿನ ಅಲ್ಲೇ ಇರಲಿ. ಗಂಟೆಗೊಮ್ಮೆ ಬರೆದಿಡು. ಲ್ಯಾಬಿನಲ್ಲಿ ಹುಡುಗರಿಗೆ ನಾನು ದಿನಾ ಹೇಳುವುದು ಅದೇ: ಏನು ಬರಬೇಕೆಂದು ಗೊತ್ತಿರುವ ವಸ್ತುವನ್ನು ಮೊದಲು ಅಳೆಯಿರಿ.

ಮಗಳು ಹುಟ್ಟಿದ್ದು ನನಗೆ ಯಾರೂ ಹೇಳಿರಲಿಲ್ಲ. ಪತ್ರ ಓದಿದ ಕೂಡಲೇ ಅವ್ವನಿಗೆ ಹೇಳಿದೆ. "ಆಕಿ ಕೂಸು ಹ್ಯಾಂಗದ? ದಪ್ಪನ್ನ ಐತೇನು?" ಅಂದಳು. ಉತ್ತರ ನೀನೇ ಬರೆ.

ಶಶಿಕಲಾ


ಇನ್ನಂಜೆ
೧ ಮಾರ್ಚ್ ೨೦೦೧

ಶಶಿಕಲಾ,

ಕೆಪಾಸಿಟರ್ ಹಾಕಿದೆ. ಬೆಸುಗೆಯೆಲ್ಲ ಮತ್ತೊಮ್ಮೆ ಕಾಯಿಸಿದೆ. ಅಂಕೆಗಳು ಮೊದಲಿನ ಹಾಗೆ ನಡುಗುವುದಿಲ್ಲ, ಆದರೆ ಜ್ವರ ನಿಂತಿಲ್ಲ. ಹತ್ತು ದಿನ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಏಳೂವರೆಯ ಆಚೀಚೆ ಏರುತ್ತದೆ, ಎಂಟೂವರೆಗೆ ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ. ಭಾನುವಾರ ಬೆಳಿಗ್ಗೆ ಇಲ್ಲ. ಭಾನುವಾರ ರಜೆ ತೆಗೆದುಕೊಳ್ಳುವ ಜ್ವರ ಎಲ್ಲಾದರೂ ಉಂಟಾ?

ಎರಡು ಸಲ ಬಸ್ಸಿನಲ್ಲಿ ಉಡುಪಿಗೆ ಕರೆದುಕೊಂಡು ಹೋದೆ. ಡಾಕ್ಟರು ಮೊದಲ ಸಲ ನಕ್ಕರು. ಎರಡನೆಯ ಸಲ ಮಗುವನ್ನು ಬಿಟ್ಟು ನನ್ನನ್ನೇ ನೋಡಿ, "ನಿದ್ದೆ ಬರ್ತದಾ ನಿಮಗೆ?" ಎಂದರು. ಬರುತ್ತದೆ ಎಂದೆ.

ಬರುವುದಿಲ್ಲ. ಜನವರಿಯಲ್ಲೇ ಹಾಲು ನಿಂತುಹೋಯಿತು. ಈಗ ಬಾಟಲಿ. ಮನೆಯಲ್ಲಿ ಎಲ್ಲರಿಗೂ ಅದು ಅನುಕೂಲವಾಯಿತು, ಯಾಕೆಂದು ಮುಂದೆ ಬರೆಯುತ್ತೇನೆ.

ಮೊನ್ನೆ ಅತ್ತೆ ಮಗುವನ್ನು ಮೀಯಿಸಲು ಎತ್ತಿದಾಗ ಚೀಲ ವಯರಿನ ಸಮೇತ ಎದ್ದುಬಂತು. ಎಳೆದರು. ಕಪಾಟಿನ ಹಿಂದಿನಿಂದ ಬೋರ್ಡು ಜಾರಿ ಹೊರಗೆ ಬಂತು, ಕೆಂಪು ಅಂಕೆಗಳು ಉರಿಯುತ್ತಾ. ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು.

"ಎಂತ ಇದು? ಮಗುವಿಗೆ ಕರೆಂಟು ಕೊಡ್ತಿದ್ದೀಯಾ?"

"ಕರೆಂಟಲ್ಲ ಅತ್ತೆ, ಶಾಖ ನೋಡಲಿಕ್ಕೆ."

"ಶಾಖ ನೋಡಲಿಕ್ಕೆ ನಿನಗೆ ಕೈ ಇಲ್ವಾ? ಮುಟ್ಟಿ ನೋಡು ಮಾರಾಯ್ತಿ! ನಾನು ಐದು ಹೆತ್ತಿದ್ದೇನೆ, ಯಾವುದಕ್ಕೂ ವಯರು ಕಟ್ಟಲಿಲ್ಲ."

ಆಮೇಲೆ ಮೆಲ್ಲಗೆ, "ಅದಕ್ಕೆ ದಿನಾ ಕೈಮುಗಿದೆನಲ್ಲ ನಾನು" ಎಂದರು. ಬೈದದ್ದಕ್ಕಿಂತ ಅದು ನನಗೆ ಹೆಚ್ಚು ತಾಗಿತು.

ಅವತ್ತೇ ದೋಹಾಕ್ಕೆ, ನನ್ನ ಗಂಡನಿಗೆ ಫೋನ್ ಹೋಯಿತು. ಇವರು ನನ್ನ ಹತ್ತಿರ ಮಾತಾಡಿದ್ದು ಒಂದೇ ನಿಮಿಷ. ಪೆರ್ಡೂರಿನಲ್ಲಿರುವ ಅವರ ಅಕ್ಕ ಮನೋರಮಾ ಮಗುವನ್ನು ಸ್ವಲ್ಪ ಸಮಯ ಇಟ್ಟುಕೊಳ್ಳಲಿ, ನೀನು ವಿಶ್ರಾಂತಿ ತೆಗೆದುಕೋ ಎಂದರು. ಸ್ವಲ್ಪ ಸಮಯ ಎಂದರೆ ಎಷ್ಟು ಎಂದು ಕೇಳಿದೆ. ಲೈನು ಸರಿಯಿಲ್ಲ ಎಂದರು. ಮನೋರಮಕ್ಕ ಯುಗಾದಿ ಕಳೆದು ಕರೆದುಕೊಂಡು ಹೋಗಲು ಬರುತ್ತಾರಂತೆ.

ಶಶಿ, ಅಷ್ಟರೊಳಗೆ ಈ ಬೋರ್ಡು ಸರಿಯಾಗಬೇಕು. ಸರಿಯಾದರೆ ತೋರಿಸಬಹುದು. ನಾನು ಹುಚ್ಚಿಯಲ್ಲ, ಯಂತ್ರ ಹಾಳಾಗಿತ್ತು ಎಂದು ಹೇಳಬಹುದು.

ನಳಿನಿ


ಈಶ್ವರನಗರ, ಮಣಿಪಾಲ
೬ ಮಾರ್ಚ್ ೨೦೦೧

ನಳಿನಿ,

ಲೋಟದ ನೀರಿನ ವಿಷಯ ನೀನು ಬರೆಯಲಿಲ್ಲ. ಮಾಡಿಲ್ಲ ಎಂದು ಕಾಣುತ್ತದೆ. ಮಗುವಿನಿಂದ ಅದನ್ನು ಬಿಚ್ಚಲು ನಿನಗೆ ಮನಸ್ಸು ಬಂದಿಲ್ಲ.

ಬಿಚ್ಚು. ಒಂದೇ ದಿನ.

ಇನ್ನೊಂದು ಕೆಲಸ. ಮೀಟರು ತೆಗೆದುಕೊಂಡು ಬೋರ್ಡಿಗೆ ಹೋಗುವ ಐದು ವೋಲ್ಟ್ ನಿಜವಾಗಿ ಐದೇ ಇದೆಯಾ ನೋಡು. ಜ್ವರ ಇಲ್ಲದಾಗ ಒಮ್ಮೆ, ಇರುವಾಗ ಒಮ್ಮೆ. ನಮ್ಮ ಬೋರ್ಡಿನಲ್ಲಿ ಒಂದು ಕೊರತೆ ಇತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ. ಸೆನ್ಸರ್ ಕೊಡುವುದನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲ, ಅದನ್ನು ನಾವು ಆ ಐದು ವೋಲ್ಟಿನಿಂದಲೇ ಕೊಯ್ದುಕೊಂಡಿದ್ದೆವು. ಐದು ಕಡಿಮೆಯಾದರೆ ಗೋಲೇ ಗಿಡ್ಡವಾಗುತ್ತದೆ. ಗಿಡ್ಡ ಗೋಲಿನಲ್ಲಿ ಅಳೆದರೆ ಎಲ್ಲರೂ ಎತ್ತರ. ಕಾಲೇಜಿನಲ್ಲಿ ಕರೆಂಟು ಚೆನ್ನಾಗಿತ್ತು, ನಮಗೆ ಗೊತ್ತಾಗಲಿಲ್ಲ. ನಿಮ್ಮ ಊರಿನಲ್ಲಿ ಏಳೂವರೆಗೆ, ನಾಲ್ಕಕ್ಕೆ ಏನು ನಡೆಯುತ್ತದೆ? ಹೊರಗೆ ಹೋಗಿ ನೋಡು.

ನೀನು ಇಷ್ಟೆಲ್ಲ ಬರೆದರೂ ಒಂದು ಹೆಸರು ಬರೆಯಲಿಲ್ಲ. ನಾನೂ ಎರಡೂವರೆ ವರ್ಷ ಬರೆಯಲಿಲ್ಲ. ಪ್ರತೀಕ್. ನಿನ್ನ ಮೊದಲ ಮಗುವಿನ ಹೆಸರು ಇಲ್ಲಿ ಬರೆದಿದ್ದೇನೆ. ತಪ್ಪಾದರೆ ಹೊಡೆದುಹಾಕು.

ಶಶಿ


ಇನ್ನಂಜೆ
೧೩ ಮಾರ್ಚ್ ೨೦೦೧

ಶಶಿ,

ನೀರಿಗೂ ಜ್ವರ ಬಂತು.

ನಿನ್ನೆ ಸ್ಟೀಲಿನ ಲೋಟದಲ್ಲಿ ಇಟ್ಟೆ. ೨೯.೫ ಇತ್ತು. ಏಳೂ ಮೂವತ್ತೈದಕ್ಕೆ ೩೧. ನಾನು ಲೋಟದ ಎದುರು ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಾ ಇದ್ದೆ. ಮಗು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿತ್ತು, ಲೋಟಕ್ಕೆ ಜ್ವರ. ಮೀಟರಿನಲ್ಲಿ ೪.೭೫. ಹಿತ್ತಲಿಗೆ ಹೋದೆ. ಗದ್ದೆಯಾಚೆ ಕಿಟ್ಟಣ್ಣನ ಪಂಪು ಓಡುತ್ತಿತ್ತು.

ಅವರದ್ದು ಕೊಳಕೆ ಬೆಳೆ, ಬೇಸಿಗೆಯ ಭತ್ತ, ನೀರು ಬಿಡದಿದ್ದರೆ ಪೈರು ಒಣಗುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಭಾನುವಾರ ಬೆಳಿಗ್ಗೆ ಕಾಪುವಿಗೆ ಮೀನಿಗೆ ಹೋಗುತ್ತಾರೆ. ಪಂಪು ಕರೆಂಟು ಎಳೆದಾಗ ಮನೆಯ ಬಲ್ಬು ಮಂಕಾಗುವುದು ಹಗಲಾದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ನಾನು ಬೇಲಿಯ ಹತ್ತಿರ ನಿಂತು, "ಕಿಟ್ಟಣ್ಣ, ಒಂದು ನಿಮಿಷ ಪಂಪು ನಿಲ್ಲಿಸ್ತೀರಾ?" ಎಂದೆ.

"ಯಾಕೆ? ಎಂತಾಯ್ತು?"

"ಮಗುವಿಗೆ ಜ್ವರ."

ಅವರು ಓಡಿಹೋಗಿ ನಿಲ್ಲಿಸಿದರು, ಪಾಪ. ಒಳಗೆ ಬಂದು ನೋಡಿದರೆ ಲೋಟ ೨೯.೫. ಕಿಟ್ಟಣ್ಣ ಅಂಗಳಕ್ಕೆ ಬಂದು, "ಇಳಿಯಿತಾ?" ಎಂದು ಕೇಳಿದರು. ಇಳಿಯಿತು ಎಂದೆ. "ಪಂಪಿನ ಶಬ್ದಕ್ಕೆ ಹೆದರಿದ್ದಿರಬೇಕು" ಎಂದು ಸಮಾಧಾನ ಮಾಡಿ ಹೋದರು. ಎರಡೂವರೆ ವರ್ಷದಲ್ಲಿ ನಾನು ಮೊದಲ ಸಲ ನಕ್ಕೆನೋ ಏನೋ, ಅತ್ತೆ ಅಡಿಗೆಮನೆಯಿಂದ ಇಣುಕಿ ನೋಡಿದರು. ಆ ನೋಟದಿಂದಾಗಿ ನಗು ನಿಂತಿತು.

ಹೆಸರು ಹೊಡೆದುಹಾಕಲಿಲ್ಲ. ಇನ್ನು ನಾನೂ ಬರೆಯುತ್ತೇನೆ. ಅವತ್ತು ಪ್ರತೀಕನಿಗೆ ಏಳು ತಿಂಗಳಾಗಿ ನಾಲ್ಕು ದಿನ. ನೀನು ನೋಡಲು ಬಂದಿದ್ದೆ. ಮಧ್ಯಾಹ್ನ ಅವನು ಸುಮ್ಮನೆ ಮಲಗಿದ್ದ. ನಾನು ಹಣೆ ಮುಟ್ಟಿ, "ಸ್ವಲ್ಪ ಬಿಸಿ ಉಂಟಾ ನೋಡು" ಎಂದೆ. ನೀನೂ ಮುಟ್ಟಿ, "ಏನಿಲ್ಲ, ಸೆಕೆ" ಎಂದೆ. ನನಗೂ ಹಾಗೇ ಅನಿಸಿತು. ನಾವು ಚಾ ಕುಡಿದೆವು. ಸಂಜೆಗೆ ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಜ್ವರ ಮಿದುಳಿಗೆ ಏರಿದೆ ಎಂದರು. ಮಧ್ಯಾಹ್ನವೇ ತಂದಿದ್ದರೆ ಎಂದು ನಾನು ಕೇಳಿದಾಗ ಡಾಕ್ಟರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಅಂದಿನಿಂದ ನನ್ನ ಕೈಯನ್ನು ನಾನು ನಂಬುವುದಿಲ್ಲ. ಭವ್ಯಳನ್ನು ಎತ್ತುವಾಗಲೂ ಅಂಗೈ ತಾಗದ ಹಾಗೆ, ಮೊಣಕೈಯಲ್ಲಿ ಎತ್ತುತ್ತೇನೆ. ಅತ್ತೆ ನೋಡಿದ್ದಾರೆ. ಅವರ ಭಯ ವಯರಿನದ್ದಲ್ಲ ಎಂದು ನನಗೆ ಗೊತ್ತುಂಟು.

ನಿನ್ನ ಕೈಯನ್ನೂ ನಾನು ಬೈದಿದ್ದೇನೆ, ಶಶಿ. ಎರಡೂವರೆ ವರ್ಷ, ದಿನಾ. ಆಮೇಲೆ ನೀನು ಒಂದು ಸಲವೂ ಬರಲಿಲ್ಲ.

ನಳಿನಿ


ಈಶ್ವರನಗರ, ಮಣಿಪಾಲ
೨೦ ಮಾರ್ಚ್ ೨೦೦೧

ನಳಿನಿ,

ಈ ಪತ್ರ ನಾಲ್ಕು ಸಲ ಬರೆದು ಹರಿದೆ. ಐದನೆಯದರಲ್ಲಿ ಮತ್ತೆ ಕೆಲಸದ ಮಾತನ್ನೇ ಮೊದಲು ಬರೆಯುತ್ತೇನೆ, ನನಗೆ ಹಾಗಾದರೆ ಮಾತ್ರ ಪೆನ್ನು ಓಡುತ್ತದೆ.

ನಿನ್ನ ಲೆಕ್ಕ ನೋಡಿದೆ. ಮೂವತ್ತಾರೂವರೆ ಮೂವತ್ತೆಂಟೂವರೆ ಆಗುವುದು, ಇಪ್ಪತ್ತೊಂಬತ್ತೂವರೆ ಮೂವತ್ತೊಂದು ಆಗುವುದು, ಐದು ವೋಲ್ಟು ನಾಲ್ಕು ಮುಕ್ಕಾಲಾಗುವುದು, ಮೂರೂ ಸುಮಾರು ಶೇಕಡಾ ಐದೇ. ಮನುಷ್ಯರ ಜ್ವರ ಹೀಗೆ ಶೇಕಡಾ ಲೆಕ್ಕದಲ್ಲಿ ಬರುವುದಿಲ್ಲ. ಬೋರ್ಡು ನಿನಗೆ ಸುಳ್ಳು ಹೇಳಿದೆ, ಪಾದರಸ ಸತ್ಯ ಹೇಳಿದೆ. ಜೊತೆಗಿಟ್ಟ ಪೊಟ್ಟಣದಲ್ಲಿ ಮೂರು ಕಾಲಿನ ಇನ್ನೊಂದು ವಸ್ತು ಇದೆ, ನೋಡಲು ಸೆನ್ಸರಿನ ಹಾಗೇ, ಆದರೆ ಸೆನ್ಸರ್ ಅಲ್ಲ. ಪಂಪು ಓಡಲಿ ಬಿಡಲಿ, ಎರಡೂವರೆ ವೋಲ್ಟು ಹಿಡಿದು ನಿಲ್ಲುವುದೇ ಅದರ ಕೆಲಸ. ಇನ್ನು ಅದೇ ನಮ್ಮ ಅಳತೆಗೋಲು. ಚಿತ್ರ ಬರೆದಿದ್ದೇನೆ. ಈ ಸಲ ಮೇಲಿನಿಂದ ನೋಡಿದ ಚಿತ್ರ.

ಈಗ ಇನ್ನೊಂದು. ನಾನು ಬರಲಿಲ್ಲ, ಹೌದು. ಅವನು ಹೋದ ಸುದ್ದಿ ಬಂದಾಗ ಅವ್ವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನು ತಲೆನೋವು ಎಂದೆ. ಆಮೇಲೆ ಪರೀಕ್ಷೆ ಎಂದೆ. ಆಮೇಲೆ ಎಷ್ಟು ದಿನವಾಯಿತೆಂದರೆ ಹೋಗದಿರುವುದಕ್ಕೆ ಅದೇ ಕಾರಣವಾಯಿತು. ನೀನು ಬಾಗಿಲು ತೆರೆದು ನನ್ನ ಕೈ ನೋಡುತ್ತೀಯೆಂದು ಹೆದರಿದೆ. ಒಂದು ಗಂಟೆಯ ದಾರಿ. ಉಡುಪಿಯಲ್ಲಿ ನಿಮ್ಮ ಊರಿನ ಕಡೆ ಹೋಗುವ, ಕಾಪುವಿನ ಬೋರ್ಡು ಹಾಕಿದ ಬಸ್ಸು ಕಂಡರೆ ಈಗಲೂ ಮುಖ ತಿರುಗಿಸಿ ನಿಲ್ಲುತ್ತೇನೆ.

ಅಪ್ಪ ಗಾರೆ ಕೆಲಸ ಮಾಡಿದ ಕಟ್ಟಡದಲ್ಲೇ ನನ್ನ ಲ್ಯಾಬು. ನಲವತ್ತು ಹುಡುಗರು ದಿನಾ ಮೇಡಂ ಮೇಡಂ ಎನ್ನುತ್ತಾರೆ. ನಿನ್ನ ಹಾಗೆ ಏಯ್ ಶಶಿ ಎನ್ನುವವರು ಯಾರೂ ಇಲ್ಲ.

ಶಶಿ


ಇನ್ನಂಜೆ
೨ ಏಪ್ರಿಲ್ ೨೦೦೧

ಶಶಿ,

ಬೋರ್ಡು ಸರಿಯಾಯಿತು. ನೀನು ಬರೆದ ಚಿತ್ರದ ಹಾಗೇ ಹಾಕಿದೆ. ಪಂಪು ಓಡುವಾಗ ೩೬.೫, ನಿಂತಾಗ ೩೬.೫. ಹತ್ತು ಪುಟ ೩೬.೫ ಬರೆದಿದ್ದೇನೆ.

ಮನೋರಮಕ್ಕ ಬಂದಾಗ ಆ ಪುಸ್ತಕ ಕೊಟ್ಟೆ. ತಿರುಗಿಸಿ ನೋಡಿದರು. ಪ್ರತಿ ಗಂಟೆಗೆ ಒಂದು ಸಾಲು, ಹಗಲು ರಾತ್ರಿ. ಅವರು ಅಂಕೆಗಳನ್ನು ನೋಡಲಿಲ್ಲ, ಗಂಟೆಗಳನ್ನು ನೋಡಿದರು. "ನಳಿನಾಕ್ಷಿ, ನೀನು ಯಾವಾಗ ಮಲಗುವುದು?" ಎಂದರು. ಕೆಟ್ಟ ಮಾತಲ್ಲ ಅದು. ಅವರು ಕೆಟ್ಟವರಲ್ಲ. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಮಗುವನ್ನು ಎತ್ತಿಕೊಂಡರು.

ನಾನು ಸರಿ ಎಂದು ತೋರಿಸಲು ಬರೆದದ್ದೇ ನಾನು ಸರಿಯಿಲ್ಲ ಎನ್ನುವುದಕ್ಕೆ ಸಾಕ್ಷಿಯಾಯಿತು.

ಅತ್ತೆ ಬಾಟಲಿ, ಬಟ್ಟೆ, ಬಜೆಯ ತುಂಡು ಎಲ್ಲ ಚೀಲಕ್ಕೆ ತುಂಬಿಸಿದರು. ಕಾರು ಹೋದ ಮೇಲೆ ಅವರೂ ಜಗಲಿಯಲ್ಲಿ ತುಂಬಾ ಹೊತ್ತು ಕೂತರು. ನಾನು ಒಳಗೆ ಬಂದೆ. ಸೆನ್ಸರ್ ಖಾಲಿ ತೊಟ್ಟಿಲಲ್ಲಿ ಬಿದ್ದಿತ್ತು. ೩೨ ತೋರಿಸುತ್ತಿತ್ತು. ಕೋಣೆಯ ಶಾಖ.

ಇವತ್ತಿಗೆ ಐದು ದಿನ. ಫೋನ್ ಮಾಡಿದರೆ "ಆರಾಮ ಇದ್ದಾಳೆ, ಆಡ್ತಿದ್ದಾಳೆ" ಎನ್ನುತ್ತಾರೆ. ಮುಂದಿನ ವಾರ ಅವಳಿಗೆ ಏಳು ತಿಂಗಳು.

ನಳಿನಿ


ಈಶ್ವರನಗರ, ಮಣಿಪಾಲ
೧೨ ಏಪ್ರಿಲ್ ೨೦೦೧

ಶಶಿ,

ಊರು ನೋಡಿ ಬೆಚ್ಚಬೇಡ. ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಜೆಸ್ಸಿ, ನಿನ್ನ ಅವ್ವ ಊರಿಗೆ ಹೋಗಿದ್ದಾರೆ, ನಿನಗೆ ಪರೀಕ್ಷೆಯ ಕೆಲಸ, ಬರುವಾಗ ಏಳಾಗುತ್ತದೆ ಎಂದರು. ಈ ಹಾಳೆ, ಪೆನ್ನು ಅವರದ್ದೇ, ಪತ್ರವನ್ನೂ ಅವರ ಹತ್ತಿರವೇ ಕೊಟ್ಟು ಹೋಗುತ್ತೇನೆ. ಹಾಲು ಬಿಸಿ ಮಾಡಿಯೂ ಕೊಟ್ಟರು.

ಭವ್ಯ ನನ್ನ ಮಡಿಲಲ್ಲಿ ಮಲಗಿದ್ದಾಳೆ.

ಬೆಳಿಗ್ಗೆ ಅತ್ತೆಗೆ ಹೇಳಿಯೇ ಹೊರಟೆ. ತಡೆಯಲಿಲ್ಲ. ಪೆರ್ಡೂರಿನಲ್ಲಿ ಇಳಿದು ಮನೋರಮಕ್ಕನ ಮನೆಗೆ ಹೋಗುವಾಗ ಹನ್ನೊಂದು ಗಂಟೆ. ಮಗು ಚಾಪೆಯ ಮೇಲೆ ಮಲಗಿತ್ತು. ನನ್ನ ಹತ್ತಿರ ಬೋರ್ಡಿಲ್ಲ, ಪಾದರಸವಿಲ್ಲ, ಏನೂ ಇಲ್ಲ. ಎತ್ತಿಕೊಂಡೆ, ಅಂಗೈಯಲ್ಲೇ. ಕುತ್ತಿಗೆಯ ಹಿಂದೆ ಕೂದಲು ಒದ್ದೆಯಾಗಿತ್ತು, ಅದರ ಕೆಳಗೆ ಬಿಸಿ.

"ಅಕ್ಕ, ಇವಳಿಗೆ ಜ್ವರ ಉಂಟು."

"ಎಂತ ಜ್ವರ ಮಾರಾಯ್ತಿ, ಸೆಕೆ. ಬಂದ ಕೂಡಲೇ ಸುರು ಮಾಡಿದೆಯಾ?"

ಮತ್ತೆ ಮುಟ್ಟಿದೆ. ಶಶಿ, ಆ ಬಿಸಿ ಅವಳದ್ದಾ ನನ್ನ ಕೈಯದ್ದಾ ಎಂದು ತಿಳಿಯಲಿಲ್ಲ. ಸುಳ್ಳಾದರೆ ಇನ್ನು ಯಾವತ್ತೂ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಅವರ ಕಣ್ಣಿನಲ್ಲೂ ಅದೇ ಇತ್ತು. ಆದರೂ ಚೀಲ ಹೆಗಲಿಗೆ ಹಾಕಿದೆ. ಅವರು ಅಂಗಳದವರೆಗೆ ಬಂದು, "ದೋಹಾಕ್ಕೆ ಕರುಣಾಕರನಿಗೆ ಫೋನ್ ಮಾಡ್ತೇನೆ ನೋಡು!" ಎಂದರು. ಮಾಡಿ ಎಂದೆ. ಹಿರಿಯಡ್ಕದ ಮೇಲೆ ಬರುವ ಬಸ್ಸು ಸಿಕ್ಕಿತು.

ಇಲ್ಲಿನ ಮಕ್ಕಳ ಡಾಕ್ಟರು ನೋಡಿದರು. ನೂರ ಎರಡು ಡಿಗ್ರಿ ಜ್ವರ. ಕಿವಿಯಲ್ಲಿ ಕೀವು, ಶುರುವಿನಲ್ಲೇ ಸಿಕ್ಕಿದೆ, ಹೆದರುವಂಥದ್ದಲ್ಲ, ಐದು ದಿನ ಔಷಧಿ ಎಂದರು. ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅಲ್ಲಿಂದಲೇ ಮನೋರಮಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. "ನಾನು ಬೆಳಿಗ್ಗೆ ಎರಡು ಸಲ ಮುಟ್ಟಿದ್ದೆ, ನಳಿನಾಕ್ಷಿ. ನನಗೆ ಗೊತ್ತೇ ಆಗಲಿಲ್ಲ" ಎಂದರು. "ಆಗುತ್ತದೆ ಅಕ್ಕ" ಎಂದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನು ನಿನಗೆ ಹೇಳಿರಲಿಲ್ಲ.

ಮೂರು ಗಂಟೆಯಿಂದ ಕಾದೆ. ಈಗ ಐದೂ ಕಾಲು. ಮೋಡ ಕಟ್ಟುತ್ತಿದೆ, ಮಗುವನ್ನು ಹಿಡಿದುಕೊಂಡು ಇನ್ನೂ ಎರಡು ಬಸ್ಸು ಬದಲಿಸಬೇಕು. ಇನ್ನಂಜೆಗೆ ಹೋಗುತ್ತೇನೆ. ಇನ್ನು ಪೆರ್ಡೂರಿಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಇವರು ದೋಹಾದಿಂದ ಏನು ಹೇಳಿದರೂ, ಲೈನು ಸರಿಯಿದ್ದರೂ.

ಆರು ಗಂಟೆಗೊಮ್ಮೆ ಔಷಧಿ. ನಡುವೆ ಹಣೆ ನೋಡುತ್ತಿರಬೇಕು. ಇವತ್ತು ನಾನು ನೋಡುತ್ತೇನೆ, ನಾಳೆಯೂ. ಆಮೇಲೆ ನನ್ನಿಂದ ಆಗಲಿಕ್ಕಿಲ್ಲ, ಕೂತಲ್ಲೇ ಕಣ್ಣು ಮುಚ್ಚುತ್ತಿದೆ. ಶನಿವಾರ ನಿನಗೆ ಅರ್ಧ ದಿನವಲ್ಲವಾ? ಕಾಪುವಿನ ಬಸ್ಸು ಹಿಡಿದು ಬಾ. ಬೋರ್ಡು ನೋಡಲಿಕ್ಕೆ ಅಲ್ಲ. ನೀನು ಮಗುವಿನ ಹತ್ತಿರ ಕೂತುಕೋ, ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ.

ನಿನ್ನ ನಳಿನಿ